ಜಾರುವ ಗುಡ್ಡದ ಮೇಲೆ ಒಬ್ಬ ಗ್ರೀಕ್ ವಾಸ್ತುಶಿಲ್ಪಿ

ಆ ಮನೆಗೆ ಹೋಗುವ ರಸ್ತೆಯಲ್ಲಿ ನೀರಿನ ಪೈಪು, ಗ್ಯಾಸಿನ ಪೈಪು, ಒಳಚರಂಡಿಯ ಪೈಪು ಎಲ್ಲವೂ ನೆಲದ ಮೇಲೇ ಮಲಗಿದ್ದವು. ಮೊದಲ ದಿನ ಕಾರು ನಿಲ್ಲಿಸಿ ನೋಡಿದೆ. ಸಮುದ್ರ ಕಾಣುವ ಗುಡ್ಡ, ಸುತ್ತ ಸಿರಿವಂತರ ಮನೆಗಳು. ಇಂಥ ಕಡೆ ಪೈಪುಗಳನ್ನು ಹೂಳದೆ ಹೀಗೆ ಬಿಟ್ಟಿದ್ದಾರಲ್ಲ, ಕೆಲಸ ಅರ್ಧಕ್ಕೆ ನಿಂತಿರಬೇಕು ಅಂದುಕೊಂಡೆ. ಆದರೆ ಹೂತರೆ ಒಡೆದುಹೋಗುತ್ತವೆ ಎಂದು ಬೇಕೆಂದೇ ಮೇಲೆ ಬಿಟ್ಟಿದ್ದರು. ಆ ಗುಡ್ಡ ಸಮುದ್ರದ ಕಡೆಗೆ ಜಾರುತ್ತಿತ್ತು.

ಅದು ಎರಡು ಸಾವಿರದ ಇಪ್ಪತ್ತೆರಡರ ಕೊನೆ. ನಾನು ಗದಗಿನ ಹತ್ತಿರದ ಊರಿನವಳು. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ನಗರ ಯೋಜನೆ ಕಲಿಯಲು ಕ್ಯಾಲಿಫೋರ್ನಿಯಾದ ಪೊಮೊನಾಕ್ಕೆ ಬಂದಿದ್ದೆ. ಕ್ಲಾಸುಗಳೆಲ್ಲ ಮುಗಿದು ಥೀಸಿಸ್ ಮಾತ್ರ ಉಳಿದಿತ್ತು. ಟೊರೆನ್ಸಿನಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಇಂಟರ್ನ್ ಆಗಿದ್ದರಿಂದ ಅಲ್ಲೇ ಒಂದು ಕನ್ನಡದ ಮನೆಯ ಹಿಂದಿನ ರೂಮು ಹಿಡಿದಿದ್ದೆ. ನನ್ನ ಗೈಡ್ ಒಂದು ದಿನ ಕರೆದು, "ನಿನ್ನ ರೂಮಿಗೆ ಹತ್ತಿರದಲ್ಲೇ ಒಬ್ಬ ಹಳೇ ಆರ್ಕಿಟೆಕ್ಟ್ ಇದ್ದಾರೆ. ಗ್ರೀಸಿನವರು. ತೊಂಬತ್ತು ದಾಟಿದೆ. ಅವರ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಡೋರು ಬೇಕಂತೆ. ವಾರಕ್ಕೆ ಎರಡು ದಿನ ಹೋಗ್ತೀಯಾ?" ಎಂದು ಕೇಳಿದರು. ಅವರ ಹೆಸರು ನಾನು ಕೇಳಿದ್ದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಯಾರೋ ತೋರಿಸಿದ ಸ್ಲೈಡಿನಲ್ಲಿ ಅವರ ಒಂದು ಕಟ್ಟಡ ನೋಡಿದ್ದೆ. ಅವರು ಇನ್ನೂ ಬದುಕಿದ್ದಾರೆ ಎಂಬುದೇ ನನಗೆ ಸೋಜಿಗವಾಗಿತ್ತು.

ಬಾಗಿಲು ತೆರೆದವರು ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ಕಪ್ಪು ಸ್ವೆಟರ್. ಹುಬ್ಬು ದಟ್ಟ, ಕಣ್ಣು ಚುರುಕು. ನನ್ನನ್ನು ಕೂರಿಸುವ ಮೊದಲೇ, "ಶೂ ಬಿಚ್ಚು. ಬರೀ ಕಾಲಲ್ಲಿ ನಡೆದು ನೋಡು," ಎಂದರು. ನಡೆದೆ. ನೆಲ ಸಿಮೆಂಟಿನದು, ತಣ್ಣಗಿತ್ತು.

"ಏನಾದರೂ ಗೊತ್ತಾಯ್ತಾ?"

"ಸ್ವಲ್ಪ ಆ ಕಡೆ ಇಳಿಜಾರು ಅನಿಸ್ತು."

ಅವರ ಮುಖ ಅರಳಿತು. "ಒಳ್ಳೇ ಪಾದ. ನಿನಗೆ ಕೆಲಸ ಸಿಕ್ತು," ಎಂದರು. ಆಮೇಲೆ ನನ್ನನ್ನು ಅವರು ಕರೆಯುತ್ತಿದ್ದುದು 'ಕೋರಿ ಮು' ಎಂದು. ಅವರ ಭಾಷೆಯಲ್ಲಿ 'ನನ್ನ ಮಗಳೇ' ಎಂದರ್ಥ. ನಾವಾಡುತ್ತಿದ್ದುದು ಇಂಗ್ಲಿಷಾದರೂ ಸಿಟ್ಟು ಬಂದಾಗ, ಪ್ರೀತಿ ಬಂದಾಗ ಅವರ ಬಾಯಲ್ಲಿ ಗ್ರೀಕೇ ಬರುತ್ತಿತ್ತು.

ಮನೆ ಹಡಗಿನಂತೆ ಉದ್ದವಾಗಿತ್ತು. ಒಂದೇ ಅಂತಸ್ತು. ಸಮುದ್ರದ ಕಡೆಗೆ ಈ ತುದಿಯಿಂದ ಆ ತುದಿಯವರೆಗೆ ಗಾಜು. ಹಿಂದೆ ಸಣ್ಣ ಅಂಗಳ, ಅಲ್ಲಿ ಒಂದು ಆಲಿವ್ ಮರ. ಹೆಂಡತಿ ಕೋವಿಡ್ ಬಂದ ಮೊದಲ ವರ್ಷವೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಸ್ಯಾನ್ ಡಿಯಾಗೋದಲ್ಲಿ ಮಕ್ಕಳ ಡಾಕ್ಟರು. ಆಕೆಗೂ ಅರವತ್ತರ ಹತ್ತಿರ. ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. "ಬಬಾ" ಎಂಬ, ಅಂದರೆ 'ಅಪ್ಪಾ' ಎಂಬ ಮಾತಿನಿಂದ ಶುರುವಾದ ಫೋನು ಬಹಳ ಸಲ ಜಗಳದಲ್ಲಿ ಮುಗಿಯುತ್ತಿತ್ತು. ಜಗಳದ ವಿಷಯ ಒಂದೇ. ಮನೆ ಬಿಟ್ಟು ಬಾ ಎಂದು ಅವಳು, ಬರುವುದಿಲ್ಲ ಎಂದು ಇವರು.

ಸ್ಟಡಿಯಲ್ಲಿ ಗೋಡೆಗೆ ಒರಗಿಕೊಂಡು ನಕ್ಷೆಗಳ ಉಕ್ಕಿನ ಬೀರು ಇತ್ತು. ಅಗಲವಾದ, ತೆಳುವಾದ ಡ್ರಾಯರುಗಳು. ನಾನು ಒಂದೊಂದೇ ಹಾಳೆ ತೆಗೆದು ಸ್ಕ್ಯಾನರಿಗೆ ಹಾಕುತ್ತಿದ್ದೆ. ಅವರು ಪಕ್ಕದಲ್ಲಿ ಕೂತು ಇದು ಎಲ್ಲಿಯದು, ಏಕೆ ಹೀಗೆ ಮಾಡಿದೆ ಎಂದು ಹೇಳುತ್ತಿದ್ದರು. ಅವರ ಜೀವನ ನನಗೆ ತಿಳಿದದ್ದು ಹಾಗೆ, ಹಿಂದುಮುಂದಾಗಿ.

ಅವರು ಹುಟ್ಟಿದ್ದು ಒಂದು ದ್ವೀಪದಲ್ಲಿ. ಅವರಿಗೆ ಇಪ್ಪತ್ತಾಗುವ ಹೊತ್ತಿಗೆ ಅಲ್ಲಿ ಭೂಕಂಪವಾಯಿತು. ಮೊದಲು ಸಣ್ಣದು, ಜನ ಹೊರಗೆ ಓಡಿಬಂದರು. ಏನೂ ಆಗಲಿಲ್ಲವಲ್ಲ ಎಂದು ಒಳಗೆ ಹೋದರು. ಆಮೇಲೆ ದೊಡ್ಡದು ಬಂತು. ಊರಿನ ಕಲ್ಲಿನ ಮನೆಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ರಾಶಿಯಾದವು. ಅವರ ಅಜ್ಜಿ ಅಡಿಗೆಮನೆಯಲ್ಲೇ ಉಳಿದರು. ಬಂದರಿನ ಹತ್ತಿರ ಹೊಸದಾಗಿ ಕಟ್ಟಿದ್ದ ಕಾಂಕ್ರೀಟಿನ ನೀರಿನ ಟ್ಯಾಂಕು ಮಾತ್ರ ಹಾಗೇ ನಿಂತಿತ್ತಂತೆ. "ಮೂರು ದಿನ ಅದರ ಬುಡದಲ್ಲೇ ಮಲಗಿದ್ವಿ. ಅದನ್ನು ಯಾರು ಕಟ್ಟಿದರೋ ಅವನ ಹಾಗೆ ಆಗಬೇಕು ಅಂದುಕೊಂಡೆ," ಎಂದರು.

ಅಥೆನ್ಸಿನಲ್ಲಿ ಓದಿ ಅಲ್ಲಿಯ ದೊಡ್ಡ ಆಫೀಸೊಂದಕ್ಕೆ ಸೇರಿದರು. ಬೇರೆ ಬೇರೆ ದೇಶಗಳ ಮರುಭೂಮಿಗಳಲ್ಲಿ ಹೊಸ ಊರುಗಳನ್ನು ಯೋಜಿಸುವ ಆಫೀಸು. ಆ ಹಾಳೆಗಳು ಎಷ್ಟು ಚೆಂದ ಇದ್ದವೆಂದರೆ ಸ್ಕ್ಯಾನ್ ಮಾಡುವುದನ್ನು ಮರೆತು ನೋಡುತ್ತ ನಿಲ್ಲುತ್ತಿದ್ದೆ. ನೇರ ಬೀದಿಗಳು, ಚೌಕ ಚೌಕ ಬಡಾವಣೆಗಳು, ಪ್ರತಿ ಚೌಕಕ್ಕೂ ಶಾಲೆ, ಪೇಟೆ, ನೆರಳು. ಅವರು ಮಾತ್ರ ಆ ಹಾಳೆಗಳನ್ನು ಬೇಗ ಬೇಗ ತಿರುಗಿಸುತ್ತಿದ್ದರು. "ಈ ಊರಿಗೆ ಹೆಸರಿಡೋ ಮೊದಲೇ ಮುಗಿಸಿದ್ದೆ. ಅಲ್ಲಿ ಇರಬೇಕಾದವರಲ್ಲಿ ಒಬ್ಬರನ್ನೂ ನೋಡಿರಲಿಲ್ಲ," ಎಂದು ಒಮ್ಮೆ ಹೇಳಿದರು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಪಾಠ ಹೇಳಲು ಬಂದವರು ಇಲ್ಲೇ ನಿಂತರು. ಸ್ಯಾನ್ ಡಿಯಾಗೋದಲ್ಲಿ ಮೀನಿನ ಕಾರ್ಖಾನೆಗಳ ಕೆಲಸಗಾರರಿಗೆ ಒಂದು ವಸತಿ ಕಟ್ಟಿದರು. ಆಮೇಲೆ ಈ ಮನೆ.

"ಗುಡ್ಡ ಜಾರುತ್ತೆ ಅಂತ ಆಗ ಗೊತ್ತಿರಲಿಲ್ವಾ?" ಎಂದು ಕೇಳಿದೆ.

"ಗೊತ್ತಿತ್ತು. ನಾನು ಬರೋ ಮೊದಲೇ ಕೆಳಗಿನ ಮನೆಗಳು ಬಿದ್ದಿದ್ದವು. ಅದಕ್ಕೇ ಇಲ್ಲಿ ಕಟ್ಟಿದೆ."

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ಹೊರಗೆ ಕರೆದೊಯ್ದು, ಮನೆಯ ಪಕ್ಕದ ಸಣ್ಣ ಕಿಂಡಿ ತೆರೆದು ಟಾರ್ಚ್ ಬಿಟ್ಟರು. ಮನೆಗೆ ಪಾಯವೇ ಇರಲಿಲ್ಲ. ಉದ್ದುದ್ದನೆಯ ಎರಡು ಸ್ಟೀಲ್ ಬೀಮುಗಳ ಮೇಲೆ ಇಡೀ ಮನೆ ಕೂತಿತ್ತು. ಬೀಮುಗಳ ಕೆಳಗೆ ಸಾಲಾಗಿ ಜಾಕುಗಳು, ಲಾರಿ ಎತ್ತುವಂಥವು. ನೆಲ ಒಂದು ಕಡೆ ಕುಸಿದರೆ ಆ ಕಡೆಯ ಜಾಕು ಏರಿಸಿ ಮನೆಯನ್ನು ಮತ್ತೆ ಮಟ್ಟಕ್ಕೆ ತರುವುದು. ವರ್ಷಕ್ಕೊಮ್ಮೆ ಹಾಗೆ ಮಾಡುತ್ತ ಐವತ್ತು ವರ್ಷ ಕಳೆದಿದ್ದರು.

"ಭೂಮಿ ನನ್ನ ಅಜ್ಜಿಯನ್ನ ತಗೊಂಡಿತು. ಇನ್ನು ನೀನು ಅಲ್ಲಾಡು, ನಾನು ನಿಲ್ತೀನಿ ಅಂದೆ," ಎಂದು ನಕ್ಕರು. ಆ ನಗುವಿನಲ್ಲಿ ಒಂದು ಹಠ ಇತ್ತು. ಅದು ನನಗೆ ಆಗ ಹಿಡಿಸಿತು.

ಆ ಚಳಿಗಾಲ ಮಳೆ ಬಿಡದೆ ಹೊಡೆಯಿತು. ಬರದ ನಾಡಿನಲ್ಲಿ ಎಲ್ಲರೂ ಖುಷಿಪಟ್ಟರು. ಗುಡ್ಡ ಹಸಿರಾಯಿತು, ಹಳದಿ ಹೂ ಬಿಟ್ಟಿತು. ಮಾರ್ಚಿನಲ್ಲಿ ಒಂದು ದಿನ ಮನೆ ಎತ್ತುವವರು ಬಂದಿದ್ದರು. ಇಬ್ಬರು ಕೆಳಗೆ ತೆವಳಿಕೊಂಡು ಹೋದರು. ಇವರು ಹಾಲಿನ ನಡುವೆ ರಸಮಟ್ಟ ಹಿಡಿದು ನಿಂತು, ಹಡಗಿನ ಕ್ಯಾಪ್ಟನ್ ಥರ ಕೂಗುತ್ತಿದ್ದರು. "ದಕ್ಷಿಣ, ಇನ್ನೊಂದು ಚೂರು! ನಿಲ್ಲಿಸಿ! ಪಶ್ಚಿಮ!" ಮನೆ ನರಳಿತು. ಗಾಜುಗಳು ಚಟ್ ಚಟ್ ಎಂದವು. ನನ್ನ ಪಾದದ ಕೆಳಗೆ ನೆಲ ಮೆಲ್ಲಗೆ ಮೇಲೆದ್ದು ಬಂತು. ಮಲಗಿದಲ್ಲಿಂದ ಏಳುವ ಎಮ್ಮೆಯ ಬೆನ್ನ ಮೇಲೆ ಕೂತ ಹಾಗೆ ಅನಿಸಿ ಗೋಡೆ ಹಿಡಿದುಕೊಂಡೆ. ಅವರಿಗೆ ಸಂತೋಷ. ಆದರೆ ಕೆಲಸದವರು ಹೊರಬಂದು ಕೈ ಒರೆಸಿಕೊಳ್ಳುತ್ತ, ಈ ಸಲ ಬಹಳ ಎತ್ತಬೇಕಾಯಿತು, ಇನ್ನು ತಿಂಗಳಿಗೊಮ್ಮೆ ಕರೆಯಬೇಕಾಗಬಹುದು ಎಂದರು. ಇವರು ಅದನ್ನು ಕೇಳಿಸಿಕೊಳ್ಳದವರ ಹಾಗೆ ಕಾಫಿ ಮಾಡಲು ಒಳಗೆ ಹೋದರು.

ನಮ್ಮೂರಿಗೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪ್ರತಿ ವರ್ಷ ಗೋಡೆಯ ಬಿರುಕಿಗೆ ಮಣ್ಣು ಮೆತ್ತುವುದು ಅವ್ವನ ಕೆಲಸ.

"ಅಲ್ಲೂ ಎರಿ ಐತೇನು?" ಎಂದು ಅವ್ವ ಕೇಳಿದಳು.

"ಎರಿ ಅಲ್ಲವ್ವಾ. ಯಾವ್ದೋ ಕಾಲದ ಜ್ವಾಲಾಮುಖಿ ಬೂದಿ ಒಳಗ ಜೇಡಿ ಆಗೇದಂತ. ನೀರು ಬಿದ್ರ ಬೆಣ್ಣಿ ಆಗ್ತದಂತ."

"ಬೆಣ್ಣಿ ಮ್ಯಾಲ ಮನಿ ಕಟ್ಯಾನ ಅವ? ಶ್ಯಾಣ್ಯಾ ಅದಾನೋ ಹುಚ್ಚ ಅದಾನೋ. ನೀ ಅಲ್ಲಿ ಭಾಳೊತ್ತು ಕುಂದರಬ್ಯಾಡ. ಕೆಲಸ ಮುಗಿಸ್ಕೊಂಡು ಹೊಂಟ್ ಬಾ."

ಟೊರೆನ್ಸಿನಲ್ಲಿ ನಾನಿದ್ದ ಮನೆಯ ಆಂಟಿಯದೂ ಅದೇ ಮಾತು. ಆಂಟಿ, ಅಂಕಲ್ ಇಬ್ಬರೂ ಬೆಂಗಳೂರಿನವರು. ಅಂಕಲ್ ವಿಮಾನದ ಕಂಪನಿಯಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆಗಿದ್ದರು. "ಆ ರೋಡಲ್ಲಿ ಡ್ರೈವ್ ಮಾಡೋದೇ ರಿಸ್ಕು ಕಣೇ," ಎನ್ನುತ್ತಿದ್ದರು ಆಂಟಿ. "ಮೊನ್ನೆ ಪ್ಯಾಚ್ ಹಾಕಿರ್ತಾರೆ, ಇವತ್ತು ಮತ್ತೆ ಬಂಪು. ನಿಮ್ಮ ಅಂಕಲ್ ಮೊದಲೆಲ್ಲ ಸಂಡೇ ಸಂಡೇ ಸನ್‌ಸೆಟ್ ನೋಡೋಕೆ ಕರ್ಕೊಂಡ್ ಹೋಗ್ತಿದ್ರು. ಈಗ ನಾನೇ ಬೇಡ ಅಂದ್ಬಿಟ್ಟೆ." ಅಂಕಲ್ ಪೇಪರಿನಿಂದ ತಲೆಯೆತ್ತಿ, "ಅವಳ ಕೆಲಸ ಅವಳಿಗೆ. ಹೆದರಿಸ್ಬೇಡ್ವೇ," ಎಂದರು. ಆದರೆ ಮಾರನೆಯ ದಿನ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಟಾರ್ಚು, ಹಗ್ಗ, ನೀರಿನ ಬಾಟಲುಗಳನ್ನು ಇಟ್ಟಿದ್ದರು.

ಮರುವರ್ಷದ ಚಳಿಗಾಲವೂ ಹಾಗೇ ಮಳೆ ಸುರಿಯಿತು. ಅಷ್ಟು ಹೊತ್ತಿಗೆ ನನ್ನ ಥೀಸಿಸ್ ಮುಗಿದು, ಟೊರೆನ್ಸಿನ ಆಫೀಸಿನಲ್ಲೇ ಕೆಲಸ ಆಗಿತ್ತು. ಆದರೂ ಶನಿವಾರ, ಭಾನುವಾರ ಗುಡ್ಡಕ್ಕೆ ಹೋಗುತ್ತಿದ್ದೆ. ಒಂದೊಂದು ವಾರಕ್ಕೂ ಏನಾದರೂ ಬದಲಾಗಿರುತ್ತಿತ್ತು. ವಿದ್ಯುತ್ ಕಂಬವೊಂದು ಕುಡಿದವನ ಹಾಗೆ ವಾಲಿರುತ್ತಿತ್ತು. ರಸ್ತೆಯ ನಡುವಿನ ಹಳದಿ ಗೆರೆ ಕತ್ತರಿಸಿ, ಎರಡು ತುಂಡೂ ಅಕ್ಕಪಕ್ಕಕ್ಕೆ ಸರಿದಿರುತ್ತಿದ್ದವು. ಎದುರು ಮನೆಯ ಈಜುಕೊಳದಲ್ಲಿ ನೀರು ಒಂದೇ ಮೂಲೆಯಲ್ಲಿ ನಿಂತು, ಆಮೇಲೆ ಒಂದು ದಿನ ಪೂರ್ತಿ ಇಂಗಿಹೋಯಿತು. ಆ ಮನೆಯವರು ಲಾರಿ ತಂದು ಸಾಮಾನು ತುಂಬಿಸಿಕೊಂಡು ಹೋದರು. ಅವರ ಹಿಂದೆ ಇನ್ನೊಬ್ಬರು. ಆ ಗುಡ್ಡದಲ್ಲಿ ಯಾರೋ ಹಿಂದೆ ಸಾಕಿ ಬಿಟ್ಟ ನವಿಲುಗಳ ಸಂತತಿ ಬಹಳ ಇತ್ತು. ಜನ ಖಾಲಿಯಾದಂತೆ ನವಿಲುಗಳು ಬಿಟ್ಟ ಮನೆಗಳ ಮಾಡಿನ ಮೇಲೆ, ಬಾಲ್ಕನಿಯ ಮೇಲೆ ಬಂದು ಕೂತವು. ಹಾಡುಹಗಲೇ ಕೂಗುತ್ತಿದ್ದವು. ನವಿಲಿನ ಕೂಗು ಕೇಳಿಯೇ ಬೆಳೆದ ನನಗೂ ಆ ಕೂಗು ಕೇಳಿದರೆ ಅಲ್ಲಿ ಮೈ ಜುಂ ಎನ್ನುತ್ತಿತ್ತು.

ಮನೆಯೊಳಗೂ ಸದ್ದು. ಮೊದಲು ಗೋಡೆಯೊಳಗೆ ಯಾರೋ ಗೆಣ್ಣು ಮುರಿದ ಹಾಗೆ. ಆಮೇಲೆ ಉದ್ದಕ್ಕೆ ಎಳೆದ ನರಳಾಟ. ಸದ್ದಾದಾಗಲೆಲ್ಲ ಅವರು ಮಾತು ನಿಲ್ಲಿಸಿ, ತಲೆ ಓರೆಮಾಡಿ ಕೇಳಿ, "ಪೂರ್ವದ ಬೀಮು," ಎಂದೋ, "ಏನಿಲ್ಲ, ಗಾಜು," ಎಂದೋ ಹೇಳಿ ಮಾತು ಮುಂದುವರಿಸುತ್ತಿದ್ದರು. ಅವರ ತಟ್ಟೆಯ ಊಟ ಕಡಿಮೆಯಾಗುತ್ತ ಬಂತು. ಮಗಳು ನನಗೇ ಫೋನ್ ಮಾಡತೊಡಗಿದಳು.

"ನಿನ್ನ ಮಾತು ಕೇಳ್ತಾರೆ. ನೀನಾದರೂ ಹೇಳು," ಎಂದಳು.

"ಹೇಳಿದೆ. 'ಹಡಗಿನ ಮೇಲೆ ಇದ್ದೀನಿ, ನೆಲದ ಮೇಲಲ್ಲ' ಅಂತಾರೆ."

"ಹಡಗಾದ್ರೆ ಮುಳುಗೋದೂ ಗೊತ್ತಿರ್ಬೇಕಲ್ಲ," ಎಂದಳು. ಆಮೇಲೆ ಅಳುತ್ತಿರುವುದು ಗೊತ್ತಾಯಿತು.

ಏಪ್ರಿಲಿನಲ್ಲಿ ಒಂದು ದಿನ ಅವರೇ, "ನನ್ನನ್ನ ಸ್ಯಾನ್ ಡಿಯಾಗೋಗೆ ಕರ್ಕೊಂಡ್ ಹೋಗ್ತೀಯಾ?" ಎಂದರು. ನನಗೆ ಎಷ್ಟು ಹಗುರಾಯಿತೆಂದರೆ ತಕ್ಷಣ ಮಗಳಿಗೆ ಮೆಸೇಜ್ ಮಾಡಲು ಫೋನ್ ತೆಗೆದೆ. "ಅವಳ ಮನೆಗಲ್ಲ. ನಾನು ಕಟ್ಟಿದ ವಸತಿ ನೋಡಬೇಕು," ಎಂದರು.

ಅದು ಅವರ ಕೆಲಸಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು. ತಗ್ಗಾದ ಬಿಳಿ ಮನೆಗಳು, ನಡುವೆ ಕಾರು ನುಗ್ಗದಷ್ಟು ಕಿರಿದಾದ ಓಣಿಗಳು, ಓಣಿ ಕೂಡುವಲ್ಲಿ ಒಂದು ಕಟ್ಟೆ, ಮರ. ನಮ್ಮ ಕಡೆಯ ಓಣಿಗಳ ಹಾಗೇ. ನಾವು ಹೋದಾಗ ಓಣಿಗಳಿಗೆ ಕಬ್ಬಿಣದ ಗೇಟು ಬಿದ್ದಿತ್ತು, ಕ್ಯಾಮೆರಾ ಇತ್ತು. ಕಟ್ಟೆ ಒಡೆದು ಪಾರ್ಕಿಂಗ್ ಮಾಡಿದ್ದರು. ಗೇಟಿನ ಪಕ್ಕ ಒಂದು ದೊಡ್ಡ ಬೋರ್ಡು. ಇಡೀ ವಸತಿಯನ್ನು ಕೆಡವಿ ಎತ್ತರದ ಅಪಾರ್ಟ್‌ಮೆಂಟು ಕಟ್ಟುವ ಸೂಚನೆ ಅದರಲ್ಲಿತ್ತು. ಅವರು ಕನ್ನಡಕ ಹಾಕಿಕೊಂಡು, ಕೆಳಗಿನ ಸಣ್ಣ ಅಕ್ಷರದವರೆಗೆ ಪೂರ್ತಿ ಓದಿದರು.

ಒಬ್ಬ ಮೆಕ್ಸಿಕನ್ ಅಜ್ಜಿ ತರಕಾರಿ ಚೀಲ ಹಿಡಿದು ಬಂದವಳು ಇವರನ್ನು ನೋಡಿ, ಯಾರು ಬೇಕಿತ್ತು ಎಂದು ಕೇಳಿದಳು. ನಾನು, ಇದನ್ನು ಕಟ್ಟಿದವರು ಇವರೇ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಆಮೇಲೆ ಇವರ ಕೈ ಹಿಡಿದುಕೊಂಡು ತನ್ನ ಅಡಿಗೆಮನೆಗೇ ಕರೆದೊಯ್ದಳು. ಸಿಂಕಿನ ಮುಂದಿನ ಕಿಟಕಿ ತೋರಿಸಿ, "ಇಲ್ಲಿ ಪಾತ್ರೆ ತೊಳೀತಾನೇ ನಾಲ್ಕು ಮಕ್ಕಳನ್ನ ಆ ಓಣಿಯಲ್ಲಿ ಆಡಿಸಿ ಬೆಳೆಸಿದೆ," ಎಂದಳು. ಇವರು ಆ ಕಿಟಕಿಯ ಚೌಕಟ್ಟನ್ನು ಸವರುತ್ತ ನಿಂತರು. ಏನೋ ಹೇಳಲು ಹೋಗಿ ಗ್ರೀಕಿನಲ್ಲಿ ಹೇಳಿದರು. ಅವಳು ಸ್ಪ್ಯಾನಿಷಿನಲ್ಲಿ ಏನೋ ಉತ್ತರ ಕೊಟ್ಟಳು.

ಹಿಂತಿರುಗುವಾಗ ಟೊರೆನ್ಸ್ ಹತ್ತಿರ ಬಂದಾಗ, "ಅವಳನ್ನ ಎಲ್ಲಿಗೆ ಕಳಿಸ್ತಾರೆ?" ಎಂದು ಕೇಳಿದರು. ತಾವೇ ಮತ್ತೆ, "ಬೋರ್ಡಿನಲ್ಲಿ ಅದೊಂದು ಬರೆದಿರಲಿಲ್ಲ," ಎಂದರು.

ಆ ಬೇಸಿಗೆ ಗುಡ್ಡದ ಮನೆಗಳಿಗೆ ಮೊದಲು ಗ್ಯಾಸ್ ನಿಲ್ಲಿಸಿದರು. ನೆಲ ಎಳೆದಾಡುವಾಗ ಪೈಪು ಒಡೆದು ಬೆಂಕಿ ಬಿದ್ದರೆ ಗತಿಯಿಲ್ಲ ಎಂಬ ಭಯ. ಕೆಲವು ವಾರಗಳಲ್ಲಿ ಕರೆಂಟೂ ಹೋಯಿತು. ಸ್ಕ್ಯಾನರ್ ನಿಂತಿತು. ನಾನು ಹಾಳೆಗಳನ್ನು ಸುರುಳಿ ಮಾಡಿ ಕಾರಿನಲ್ಲಿ ಟೊರೆನ್ಸಿಗೆ ಸಾಗಿಸಲು ಶುರುಮಾಡಿದೆ. ಅರ್ಧ ಬೀರು ಖಾಲಿಯಾಯಿತು. ಅವರು ಕ್ಯಾಂಪಿಂಗಿನ ಸಣ್ಣ ಒಲೆಯ ಮೇಲೆ ಕಾಫಿ ಕಾಯಿಸಿಕೊಂಡು, ಸಂಜೆ ಕತ್ತಲಾದರೆ ಮಲಗಿ, ಬೆಳಕಾದರೆ ಎದ್ದು ಇದ್ದರು. ಮನೆ ಎತ್ತುವವರು ಬರುವುದನ್ನು ನಿಲ್ಲಿಸಿದ್ದರು. ಕೆಳಗೆ ತೆವಳುವುದು ಇನ್ನು ಆಗುವುದಿಲ್ಲ, ಮನೆ ನಮ್ಮ ಮೇಲೆ ಬಂದೀತು ಎಂದು ಹೇಳಿಹೋಗಿದ್ದರು. ಮಗಳು ಬಂದು ಎರಡು ದಿನ ಇದ್ದು, ಕೂಗಾಡಿ, ಕೈ ಮುಗಿದು, ಕೊನೆಗೆ ಭಾನುವಾರ ತಾನೇ ಬಂದು ಎತ್ತಿಕೊಂಡಾದರೂ ಹೋಗುತ್ತೇನೆ ಎಂದು ಹೇಳಿ ಹೋದಳು. ಅವರು ಆಗಲಿ ಎಂದರು. ನನಗೆ ಆ 'ಆಗಲಿ' ನಂಬುವಂತೆ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಹೋದಾಗ ರಸ್ತೆಯಲ್ಲಿ ಹಿಂದಿನ ವಾರ ಇಲ್ಲದ ಒಂದು ಮೆಟ್ಟಿಲು ಎದ್ದಿತ್ತು, ಮೊಣಕಾಲೆತ್ತರದ್ದು. ಕಾರು ಅಲ್ಲೇ ಬಿಟ್ಟು ನಡೆದೆ. ಅಂಗಳದ ಆಲಿವ್ ಮರ ಬುಡದಿಂದ ಎರಡಾಗಿ ಸೀಳಿ, ಎರಡು ಹೋಳೂ ಹಸಿರಾಗೇ ನಿಂತಿದ್ದವು. ಮುಂಬಾಗಿಲು ತಳ್ಳಿದೆ, ಅಲುಗಲಿಲ್ಲ. ಸಮುದ್ರದ ಕಡೆಯ ಗಾಜು ಉದ್ದಕ್ಕೂ ಪುಡಿಯಾಗಿ ನೆಲದ ಮೇಲೆ ಹರಡಿತ್ತು. ಅದರ ಮೇಲೆ ಶೂ ಕಾಲಿಟ್ಟು ಒಳಗೆ ಹೋದೆ. ಹೆಸರು ಹಿಡಿದು ಕೂಗಿದೆ. ಸ್ಟಡಿಯ ಒಳಗಿನಿಂದ ದನಿ ಬಂತು.

"ಇಲ್ಲಿದ್ದೀನಿ. ಗಾಬರಿ ಆಗಬೇಡ."

ಸ್ಟಡಿಯ ಬಾಗಿಲು ಅರ್ಧ ತೆರೆದು ಸಿಕ್ಕಿಕೊಂಡಿತ್ತು. ಸಂದಿಯಲ್ಲಿ ನೋಡಿದೆ. ನಕ್ಷೆಗಳ ಬೀರು ಜಾರಿ ಬಂದು ಬಾಗಿಲಿಗೂ ಗೋಡೆಗೂ ನಡುವೆ ಅಡ್ಡ ನಿಂತಿತ್ತು. ಅವರು ಆಚೆ ಕುರ್ಚಿಯಲ್ಲಿ ಕೂತಿದ್ದರು. ತುಟಿ ಒಣಗಿತ್ತು. ಹಿಂದಿನ ಸಂಜೆಯಿಂದ ನೀರಿಲ್ಲದೆ ಹಾಗೇ ಕೂತಿದ್ದರಂತೆ. ನಾನು ಕೈ ತೂರಿಸಿ ಬೀರನ್ನು ಎಳೆಯಲು ಹೋದೆ.

"ಮುಟ್ಟಬೇಡ!"

ಅವರು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ಕೈ ಹಿಂದೆ ತಗೊಂಡೆ.

"ಮೇಲೆ ನೋಡು," ಎಂದರು, ದನಿ ತಗ್ಗಿಸಿ. ನೋಡಿದೆ. ಗೋಡೆ ಒಳಕ್ಕೆ ವಾಲಿತ್ತು. ಮಾಡಿನ ಕಾಂಕ್ರೀಟು ಗೋಡೆ ಬಿಟ್ಟು ಅಂಗೈಯಷ್ಟು ಇಳಿದು ಬಂದಿತ್ತು. ಆ ಗೋಡೆಯನ್ನು ತಡೆದು ನಿಲ್ಲಿಸಿದ್ದು ಆ ಬೀರೊಂದೇ. "ಈಗ ಈ ಮನೆಗೆ ಕಂಬ ಅದೇ. ಅದನ್ನ ಎಳೆದರೆ ಇಬ್ಬರೂ ಹೋಗ್ತೀವಿ. ಹೊರಗೆ ಹೋಗಿ ಫೋನ್ ಮಾಡು. ಪಕ್ಕದ ಬಚ್ಚಲಿನ ಮೇಲಿನ ಕಿಟಕಿಯಿಂದ ಬರಲಿ. ಬಚ್ಚಲಿಗೂ ಈ ರೂಮಿಗೂ ನಡುವಿನ ಗೋಡೆ ಮಾತ್ರ ಇನ್ನೂ ಸರಿಯಿದೆ."

ಫೋನ್ ಮಾಡಿದೆ. ಕಾರಿಗೆ ಓಡಿ ಅಂಕಲ್ ಇಟ್ಟಿದ್ದ ನೀರು ತಂದು, ಸಂದಿಯಲ್ಲಿ ಬಾಟಲು ಉರುಳಿಸಿದೆ. ಅವರು ಕಾಲಿನಿಂದ ಎಳೆದುಕೊಂಡು ಕುಡಿದರು. ಬೆಂಕಿ ನಂದಿಸುವವರು ಬರುವವರೆಗೆ ನಾನು ಹೊರಗೆ ಹೋಗಲಿಲ್ಲ. ಹೋಗು ಎಂದು ಅವರು ಹೇಳಿದರೂ ಹೋಗಲಿಲ್ಲ. ಗೋಡೆಯ ಆಚೆ ಈಚೆ ಕೂತೆವು. ಮನೆ ಒಮ್ಮೆ ಉಸಿರು ಬಿಟ್ಟ ಹಾಗೆ ಸದ್ದು ಮಾಡಿತು, ಸೀಲಿಂಗಿನಿಂದ ಸುಣ್ಣ ಉದುರಿತು.

"ಅದು ಯಾವ ಬೀಮು?" ಎಂದು ಕೇಳಿದೆ.

"ಗೊತ್ತಿಲ್ಲ," ಎಂದರು. ಐವತ್ತು ವರ್ಷದಲ್ಲಿ ಆ ಮನೆಯ ಬಗ್ಗೆ ಅವರು ಹಾಗೆ ಹೇಳಿರಲಿಕ್ಕಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಕೋರಿ ಮು, ನನಗೆ ಭಯ ಆಗ್ತಿದೆ," ಎಂದರು.

"ನನಗೂ," ಎಂದೆ.

ಬಚ್ಚಲಿನ ಗೋಡೆ ಒಡೆದು ಅವರನ್ನು ಹೊರತಂದರು. ಎಲ್ಲಿ ಕೊರೆಯಬೇಕು, ಗೋಡೆಯೊಳಗೆ ಎಲ್ಲಿ ಕಬ್ಬಿಣದ ಸರಳಿಲ್ಲ ಎಂದು ಒಳಗಿನಿಂದ ಅವರೇ ಹೇಳುತ್ತಿದ್ದರು. ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಮನೆಯ ಕಡೆ ತಿರುಗಿ ನೋಡಿ, ದಕ್ಷಿಣದ ಮೂಲೆ ಪೂರ್ತಿ ಹೋಯಿತು ಎಂದರು. ಮರುದಿನ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದರು. ಇನ್ನು ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಬೀರಿನಲ್ಲಿ ಉಳಿದ ಹಾಳೆಗಳು ಅಲ್ಲೇ ಉಳಿದವು. ಹೆಚ್ಚಿನವು ಆ ಮರುಭೂಮಿಯ ಊರುಗಳವು.

ಮಗಳ ಮನೆ ಸ್ಯಾನ್ ಡಿಯಾಗೋದ ಉತ್ತರಕ್ಕೆ, ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ. ಒಂದರ ಹಾಗೆ ಇನ್ನೊಂದಿರುವ ಮನೆಗಳ ಬೀದಿ. ಮುಂದೆ ಗ್ಯಾರೇಜು, ಮೇಲೆ ಹಂಚು, ಮಣ್ಣು ಬಣ್ಣ. ಇಂಥ ಮನೆಗಳನ್ನು ಅವರು ಜೀವನವಿಡೀ ಬೈದಿದ್ದರು. ಈಗ ಅಲ್ಲೇ ಕೆಳಗಿನ ರೂಮಿನಲ್ಲಿ ಇದ್ದರು. ಆ ಚಳಿಗಾಲ ನನಗೂ ಸ್ಯಾನ್ ಡಿಯಾಗೋದಲ್ಲಿ ಕೆಲಸ ಸಿಕ್ಕಿ, ಅಲ್ಲೇ ಹತ್ತಿರ ಮನೆ ಮಾಡಿದೆ. ಹೋದಾಗಲೆಲ್ಲ ಅವರು ಕಿಟಕಿಯ ಹತ್ತಿರ ಕೂತಿರುತ್ತಿದ್ದರು. "ಇಲ್ಲಿ ಏನೂ ಕೇಳಿಸಲ್ಲ. ನಿದ್ದೆ ಬರಲ್ಲ," ಎನ್ನುತ್ತಿದ್ದರು. ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟಾಗ ಟಿವಿಯ ಮುಂದಿನಿಂದ ಏಳಲೇ ಇಲ್ಲ. ಪರದೆಯಲ್ಲಿ ಚಿಮಣಿಗಳು ಮಾತ್ರ ನಿಂತ ಬೀದಿಗಳು. ಮಗಳು ಬಂದು ಟಿವಿ ಆರಿಸಿದಳು. ವಸಂತ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಮಣ್ಣಾದ ಮೇಲೆ ಮಗಳು ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಗುಡ್ಡದ ಮನೆಯನ್ನು ಸರ್ಕಾರದವರು ಕೆಡವಿ ಜಾಗ ಖಾಲಿ ಬಿಡುತ್ತಾರಂತೆ ಎಂದಳು. ಆಮೇಲೆ, "ಆ ಮನೆ ನೋಡೋಕೆ ಎಲ್ಲಿಂದೆಲ್ಲಿಂದಲೋ ಜನ ಬರ್ತಿದ್ರು. ನಾನು ಅಲ್ಲಿ ಒಂದು ರಾತ್ರಿನೂ ನೆಮ್ಮದಿಯಾಗಿ ಮಲಗಿಲ್ಲ," ಎಂದಳು. "ಅಮ್ಮ ಬಾಗಿಲ ಹಿಂದೆ ಒಂದು ಸೂಟ್‌ಕೇಸ್ ಇಟ್ಟಿದ್ರು. ನನಗೊಂದು ಜೊತೆ ಬಟ್ಟೆ, ಅವರಿಗೊಂದು ಜೊತೆ. ನಾನು ಬೆಳೆದ ಹಾಗೆ ಬಟ್ಟೆ ಬದಲಾಯಿಸ್ತಾ ಇದ್ರು. ಬಬಾನಿಗೆ ಹೇಳಬೇಡ, ಬೇಜಾರು ಮಾಡ್ಕೋತಾರೆ ಅಂತಿದ್ರು."

"ಅವರಿಗೆ ಕೊನೆವರೆಗೂ ಗೊತ್ತಾಗಲಿಲ್ವಾ?"

"ಗೊತ್ತಿತ್ತೋ ಏನೋ," ಎಂದಳು. "ಆ ಮನೆಯಲ್ಲಿ ಅವರಿಗೆ ಗೊತ್ತಿಲ್ಲದ್ದು ಏನಿತ್ತು?"

ಈ ವರ್ಷ ನಮ್ಮ ಪರಿಚಯದ ಕನ್ನಡದ ಗಂಡ-ಹೆಂಡತಿ, ಇಬ್ಬರೂ ಸಾಫ್ಟ್‌ವೇರಿನವರು, ಇಲ್ಲೇ ಒಂದು ಕಣಿವೆಯ ಅಂಚಿನಲ್ಲಿ ಮನೆ ತಗೊಂಡರು. ತಗೊಳ್ಳುವ ಮೊದಲು ನನ್ನನ್ನೂ ಕೇಳಿದ್ದರು. ಮಣ್ಣಿನ ರಿಪೋರ್ಟ್ ಇನ್ನೊಬ್ಬರಿಂದ ಮಾಡಿಸಿ ಎಂದಿದ್ದೆ. "ವ್ಯೂ ನೋಡಿ, ಎಂಥಾ ವ್ಯೂ!" ಎಂದಿದ್ದರು. ಗೃಹಪ್ರವೇಶಕ್ಕೆ ಹೋದೆ. ಅರಿಶಿನ, ಕುಂಕುಮ ಹಚ್ಚಿದ ಪಾತ್ರೆಯಲ್ಲಿ ಹಾಲು ಕಾಯಲು ಇಟ್ಟು ಎಲ್ಲರೂ ಒಲೆಯ ಸುತ್ತ ನಿಂತಿದ್ದರು. ಹಾಲು ಉಕ್ಕಿ, ನಾಲ್ಕೂ ಕಡೆಗೆ ಅಲ್ಲ, ಒಂದೇ ಕಡೆಗೆ, ಕಣಿವೆಯ ಕಡೆಗೆ ಸುರಿಯಿತು. "ಪೂರ್ವಕ್ಕೇ ಉಕ್ತು! ತುಂಬಾ ಒಳ್ಳೇದು!" ಎಂದು ಯಾರೋ ಹಿರಿಯರು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿದ್ದೆ. ನೆಲ ಕಣಿವೆಯ ಕಡೆಗೆ ಇಳಿದಿರುವುದು ಪಾದಕ್ಕೆ ತಿಳಿಯುತ್ತಿತ್ತು. ಊಟ ಆದಮೇಲೆ ಆ ಮನೆಯ ಯಜಮಾನರನ್ನು ಪಕ್ಕಕ್ಕೆ ಕರೆದು, ಕಣಿವೆಯ ಕಡೆಯ ಗೋಡೆ, ಪಾಯ ಒಮ್ಮೆ ಎಂಜಿನಿಯರಿಗೆ ತೋರಿಸಿ, ತಡಮಾಡಬೇಡಿ ಎಂದು ಹೇಳಿದೆ.

"ಸ್ಟವ್ ಲೆವೆಲ್ ಇಲ್ಲ ಅಷ್ಟೇ," ಎಂದು ಅವರು ನಕ್ಕರು. "ನಾಳೆ ಸರಿ ಮಾಡಿಸ್ತೀನಿ ಬಿಡಿ. ಪಾಯಸ ಇನ್ನೊಂದು ಸೌಟು ಹಾಕ್ಲಾ?"